ಹಳ್ಳದ ಹೂಳು ಹೇಳಿದ ಸಾಕ್ಷಿ: ಮಾಲಿನ್ಯದ ಮೂಲ ಹುಡುಕುವ ಒಂದು ಪಾಠ

ಅಭ್ಯಾಸ ಬೋಧನೆಗೆ ನನ್ನನ್ನು ಕಳುಹಿಸಿದ್ದು ಸಕಲೇಶಪುರದಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಒಂದು ಪ್ರೌಢಶಾಲೆಗೆ. ಒಂಬತ್ತನೆಯ ತರಗತಿ, ವಿಜ್ಞಾನ, ಘಟಕ ನೀರಿನ ಮಾಲಿನ್ಯ. ತರಗತಿಯಲ್ಲಿ 31 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಫಿ ತೋಟದ ಲೈನ್‌ಮನೆಗಳಿಂದ ಬರುವವರು. ಈ ಪಾಠವನ್ನು ನಾನು ಎರಡು ಸಲ ಮಾಡಬೇಕಾಯಿತು. ಮೊದಲನೆಯದು ಯೋಜನೆಯ ಪ್ರಕಾರ, ಎರಡನೆಯದು ಮೊದಲನೆಯದನ್ನು ತಿದ್ದಲು. ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು ಎಂದು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ

ಪೀಠಿಕೆಗೆ ಶಾಲೆಯ ಕೆಳಗಿನ ಹಳ್ಳವನ್ನೇ ಬಳಸಿಕೊಂಡೆ. ಸ್ಥಳೀಯ ಉದಾಹರಣೆಯಿಂದ ಪಾಠ ಆರಂಭಿಸಬೇಕು ಎಂಬುದು ನಮಗೆಲ್ಲ ಗೊತ್ತಿರುವ ನಿಯಮ. "ಹಳ್ಳದ ಕೆಸರು ಯಾವ ಬಣ್ಣಕ್ಕಿದೆ?" ಎಂದು ಕೇಳಿದೆ. "ಕಪ್ಪು ಮಿಸ್, ವಾಸನೆ ಬೇರೆ" ಎಂದರು. "ಕಾರಣ?" ಎಂದೆ. ಹಿಂದಿನ ಬೆಂಚಿನ ಹುಡುಗ "ಪಲ್ಪರ್ ನೀರು" ಎಂದ. ನನ್ನ ಪಾಠ ಯೋಜನೆಯ 'ನಿರೀಕ್ಷಿತ ಉತ್ತರ'ದ ಕಾಲಂನಲ್ಲಿ ಇದ್ದದ್ದೂ ಅದೇ. ಖುಷಿಯಿಂದ ಕಪ್ಪುಹಲಗೆಯ ಮೇಲೆ ಬರೆದೆ: 'ಮಾಲಿನ್ಯದ ಮೂಲ: ಪಲ್ಪಿಂಗ್ ಘಟಕ'.

ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನಮ್ಮಪ್ಪ ಅಲ್ಲೇ ಪಲ್ಪರ್‌ನಲ್ಲಿ ಕೆಲಸ ಮಾಡೋದು. ನೀರು ಹೊಂಡಕ್ಕೇ ಬಿಡೋದು, ಹಳ್ಳಕ್ಕೆ ಬಿಡಲ್ಲ" ಎಂದಳು. ಕೆಲವರು ನಕ್ಕರು. ನಾನು "ಆಯ್ತು, ಕೂತ್ಕೊ, ಆಮೇಲೆ ನೋಡೋಣ" ಎಂದು ಮುಂದಿನ ಹಂತಕ್ಕೆ ಹೋದೆ. ಸಮಯಕ್ಕೆ ಸರಿಯಾಗಿ ಪಾಠ ಮುಗಿಸಿದೆ.

ಮಾರ್ಗದರ್ಶಿ ಶಿಕ್ಷಕಿ ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: 'ಹಲಗೆಯ ಮೇಲೆ ಬರೆದ ವಾಕ್ಯಕ್ಕೆ ಆಧಾರವೇನು?' ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದರು, "ಹಳ್ಳಕ್ಕೆ ಇಳಿದು ನೋಡಿದ್ಯೇನಮ್ಮ?" ನಾನು ನೋಡಿರಲಿಲ್ಲ. ಬಸ್ಸಿನಿಂದ ಸೇತುವೆ ದಾಟುವಾಗ ಕಂಡದ್ದು ಅಷ್ಟೇ. ಮಾರನೆಯ ದಿನ ಆ ಹುಡುಗಿ ಕೊನೆಯ ಸಾಲಿಗೆ ಹೋಗಿ ಕೂತಿದ್ದಳು.

ಶಿಕ್ಷಕರು ತಿಳಿದಿರಬೇಕಾದ ವಿಷಯ

ಎರಡನೆಯ ಪಾಠಕ್ಕೆ ಮೊದಲು ನಾನೇ ಓದಬೇಕಾಗಿ ಬಂತು. ಓದಿದ್ದರಲ್ಲಿ ಪಾಠಕ್ಕೆ ಬೇಕಾದಷ್ಟನ್ನು ಕೊಡುತ್ತೇನೆ.

ಮೊದಲ ಪ್ರಶ್ನೆ, ನೀರನ್ನು ಬಿಟ್ಟು ಹೂಳನ್ನು ಏಕೆ ನೋಡಬೇಕು? ನೀರು ಹರಿದುಹೋಗುತ್ತದೆ. ರಾತ್ರಿ ಬಿಟ್ಟ ಕೊಳೆನೀರು ಬೆಳಿಗ್ಗೆ ನಾವು ಬಾಟಲಿ ಹಿಡಿಯುವಾಗ ಅಲ್ಲಿರುವುದಿಲ್ಲ. ಹೂಳು ಹಾಗಲ್ಲ, ಅದು ಕೂತು ಉಳಿಯುತ್ತದೆ. ಮಳೆಗಾಲದ ಪ್ರವಾಹ ಹಳೆಯ ಕೆಸರನ್ನು ಬಹುಮಟ್ಟಿಗೆ ತೊಳೆದುಕೊಂಡು ಹೋಗುತ್ತದೆ. ಆದ್ದರಿಂದ ಜನವರಿ, ಫೆಬ್ರವರಿಯಲ್ಲಿ ಹಳ್ಳದ ಅಂಚಿನಲ್ಲಿ ಕಾಣುವ ಮೆತ್ತನೆಯ ಮೇಲುಪದರ ಹೆಚ್ಚಾಗಿ ಮಳೆ ನಿಂತ ಮೇಲೆ ಕೂತದ್ದು. ಅರೇಬಿಕಾ ಹಣ್ಣಿನ ಕುಯ್ಲು ಮುಗಿದು ರೊಬಸ್ಟಾ ಕುಯ್ಲು ನಡೆಯುವ ಕಾಲವೂ ಇದೇ.

ಎರಡನೆಯದು, ಕಾಫಿ ಹಣ್ಣಿನ ನೀರು ಏನು ಮಾಡುತ್ತದೆ? ಪಾರ್ಚ್‌ಮೆಂಟ್ ಕಾಫಿ ಮಾಡುವಾಗ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜಕ್ಕೆ ಅಂಟಿದ ಲೋಳೆ ತೆಗೆದು ತೊಳೆಯುತ್ತಾರೆ. ಆ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಇರುತ್ತವೆ. ಅದು ಹುಳಿಯಾಗುತ್ತದೆ. ಹಳ್ಳಕ್ಕೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮ್ಲಜನಕ ಮುಗಿದ ಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದ್ದೇ. ಅದು ಮಣ್ಣಿನ ಕಬ್ಬಿಣದ ಜೊತೆ ಸೇರಿ ಕಪ್ಪು ಐರನ್ ಸಲ್ಫೈಡ್ ಆಗುತ್ತದೆ. ಇದನ್ನು ತಡೆಯಲೆಂದೇ ಈ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸಬೇಕು. ಸಂಸ್ಕರಿಸದೆ ಹಳ್ಳಕ್ಕೆ ಬಿಡುವುದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ ಪ್ರಕಾರ ತಪ್ಪು.

ಮೂರನೆಯದೇ ನನಗೆ ಗೊತ್ತಿಲ್ಲದೆ ಇದ್ದದ್ದು. ಕಪ್ಪು ಕೆಸರೆಲ್ಲ ಒಂದೇ ಅಲ್ಲ. ಎಲೆ ಕೊಳೆತು ಹ್ಯೂಮಸ್ ಆದ ಕೆಸರೂ ಕಪ್ಪೇ. ಐರನ್ ಸಲ್ಫೈಡಿನ ಕಪ್ಪನ್ನು ಗಾಳಿಗೆ ತೆಳ್ಳಗೆ ಹರಡಿದರೆ ಆಮ್ಲಜನಕ ತಗುಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲೆಕೊಳೆಯ ಕಪ್ಪು ಒಣಗಿದರೂ ಹೆಚ್ಚು ಬದಲಾಗುವುದಿಲ್ಲ. ನೀರಿನ ಮೇಲೆ ಕಾಮನಬಿಲ್ಲಿನ ಹಾಗೆ ಹೊಳೆಯುವ ಪೊರೆಗೂ ಇದೇ ಮಾತು. ಎಲ್ಲವೂ ಎಣ್ಣೆಯಲ್ಲ. ನಮ್ಮ ಕೆಂಪುಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಅದು ಒರತೆಯಾಗಿ ಜಿನುಗುವ ಕಡೆ ಕಬ್ಬಿಣದ ಬ್ಯಾಕ್ಟೀರಿಯಾಗಳು ಅಂಥ ಪೊರೆ ಕಟ್ಟುತ್ತವೆ. ಕಡ್ಡಿಯಿಂದ ಚುಚ್ಚಿದರೆ ಎಣ್ಣೆಯ ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಬ್ಯಾಕ್ಟೀರಿಯಾದ ಪೊರೆ ಗಾಜು ಒಡೆದ ಹಾಗೆ ಚೂರುಚೂರಾಗಿ ನಿಲ್ಲುತ್ತದೆ.

ಎರಡನೆಯ ಪಾಠದ ಯೋಜನೆ

ಅವಧಿ: ಎರಡು ಜೋಡಿ ತರಗತಿಗಳು ಮತ್ತು ಒಂದು ಶನಿವಾರದ ಬೆಳಿಗ್ಗೆ.

ಕಲಿಕಾ ಫಲಗಳು: 1. ಮಾಲಿನ್ಯ ಇದೆ ಎಂಬುದಕ್ಕೂ ಅದರ ಮೂಲ ಇದು ಎಂಬುದಕ್ಕೂ ಬೇರೆ ಬೇರೆ ಆಧಾರ ಬೇಕೆಂದು ಗುರುತಿಸುವರು. 2. ಮೇಲ್ಹರಿವು, ಕೆಳಹರಿವುಗಳ ಹೂಳನ್ನು ಹೋಲಿಸುವರು. 3. ನೋಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯುವರು.

ಉಪಕರಣಗಳು: ಬಾಯಿ ಅಗಲದ ಗಾಜಿನ ಬಾಟಲಿಗಳು, ಟೀ ಸೋಸುವ ಜರಡಿ, ಬಿಳಿ ಪಿಂಗಾಣಿ ತಟ್ಟೆಗಳು, ಪಿಎಚ್ ಕಾಗದ, ಉದ್ದ ಹಿಡಿಯ ಸೌಟು, ಕೈಗವಸು, ಕಡ್ಡಿ, ಗ್ರಾಮ ನಕ್ಷೆಯ ಪ್ರತಿ.

ಮುನ್ನೆಚ್ಚರಿಕೆ: ಮುಖ್ಯ ಶಿಕ್ಷಕರ ಮತ್ತು ಪೋಷಕರ ಒಪ್ಪಿಗೆ ಪಡೆದೆವು. ಯಾವ ತೋಟದ ಬೇಲಿಯೊಳಗೂ ಹೋಗಬಾರದು, ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಬಾರದು, ಕೆಸರನ್ನು ಬರಿಗೈಯಿಂದ ಮುಟ್ಟಬಾರದು ಎಂದು ಮೊದಲೇ ತೀರ್ಮಾನಿಸಿದೆವು.

ತರಗತಿಯೊಳಗಿನ ಚಟುವಟಿಕೆ

ಪಾಠವನ್ನು ಹಲಗೆಯಿಂದಲೇ ಆರಂಭಿಸಿದೆ. ಹಿಂದಿನ ವಾಕ್ಯವನ್ನು ಮತ್ತೆ ಬರೆದು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. "ಹೋದ ವಾರ ನಾನು ಇದನ್ನು ನೋಡದೆ ಬರೆದೆ. ಈ ವಾರ ನೋಡಿ ಬರೆಯೋಣ" ಎಂದೆ. ಯಾರೂ ನಗಲಿಲ್ಲ.

ಎರಡು ಬಾಟಲಿಗಳಲ್ಲಿ ಒಂದೇ ಅಳತೆಯ ನೀರಿಗೆ ಒಂದೊಂದು ಹನಿ ಮೆಥಿಲೀನ್ ಬ್ಲೂ ಹಾಕಿಸಿದೆ. ಒಂದಕ್ಕೆ ಎರಡು ಚಮಚ ತೊಳೆದ ಮರಳು, ಇನ್ನೊಂದಕ್ಕೆ ಎರಡು ಚಮಚ ಜೇಡಿಮಣ್ಣಿನ ಪುಡಿ. ಚೆನ್ನಾಗಿ ಕುಲುಕಿ ಮಾರನೆಯ ದಿನದವರೆಗೆ ಬಿಟ್ಟೆವು. ಮರಳಿನ ಬಾಟಲಿಯ ನೀರು ನೀಲಿಯಾಗಿಯೇ ಇತ್ತು. ಜೇಡಿಯ ಬಾಟಲಿಯಲ್ಲಿ ಬಣ್ಣವೆಲ್ಲ ತಳದ ಮಣ್ಣಿಗೆ ಇಳಿದಿತ್ತು. ಸಣ್ಣ ಕಣಗಳಿಗೆ ಒಟ್ಟು ಮೇಲ್ಮೈ ಹೆಚ್ಚು, ಜೇಡಿಯ ಮೇಲ್ಮೈಯಲ್ಲಿ ಋಣ ವಿದ್ಯುದಂಶವೂ ಇರುವುದರಿಂದ ಬಣ್ಣವನ್ನೂ ಲೋಹವನ್ನೂ ಹಿಡಿದುಕೊಳ್ಳುತ್ತದೆ ಎಂದು ಇದರಿಂದ ವಿವರಿಸಿದೆ. "ಹಾಗಾದ್ರೆ ಮರಳಿರೋ ಕಡೆ ಕೊಳೆ ಕಾಣಲ್ಲ, ಜೇಡಿ ಇರೋ ಕಡೆ ಕಾಣತ್ತೆ. ಅಷ್ಟಕ್ಕೇ ಅಲ್ಲಿರೋರು ತಪ್ಪು ಮಾಡಿದ್ರು ಅಂತಾಗಲ್ವಾ?" ಎಂದು ಒಬ್ಬ ಹುಡುಗ ಕೇಳಿದ. ವಿಜ್ಞಾನಿಗಳೂ ಇದೇ ಕಾರಣಕ್ಕೆ ಹೂಳನ್ನು ಜರಡಿ ಹಿಡಿದು ಒಂದೇ ಗಾತ್ರದ ಕಣಗಳನ್ನು, ಸಾಮಾನ್ಯವಾಗಿ 63 ಮೈಕ್ರಾನ್‌ಗಿಂತ ಸಣ್ಣವನ್ನು, ಹೋಲಿಸುತ್ತಾರೆ. ಅದನ್ನು ನಾನು ಹೇಳುವ ಮೊದಲೇ ಅದರ ಅಗತ್ಯವನ್ನು ಅವನು ಹೇಳಿದ್ದ.

ಹಳ್ಳದಲ್ಲಿ

ಶನಿವಾರ ಬೆಳಿಗ್ಗೆ ಐದು ಗುಂಪು, ಐದು ಜಾಗ. ಎಲ್ಲ ಕಡೆಯೂ ನಿಧಾನವಾಗಿ ಹರಿಯುವ, ಪಾದ ಮುಳುಗುವಷ್ಟು ನೀರಿರುವ ಅಂಚಿನಿಂದಲೇ ಹೂಳು ತೆಗೆಯಬೇಕು ಎಂಬುದು ನಿಯಮ. ನಿಂತ ಗುಂಡಿಯಲ್ಲಿ ಎಲೆ ಕೊಳೆತೂ ಮೊಟ್ಟೆಯ ವಾಸನೆ ಬರಬಹುದು, ಹೋಲಿಕೆ ಕೆಡುತ್ತದೆ.

ಒಂದನೆಯ ಜಾಗ, ಕಾಡಿನಿಂದ ಹಳ್ಳ ಹೊರಬರುವಲ್ಲಿ: ಕಂದು ಮರಳು, ವಾಸನೆಯಿಲ್ಲ. ಇದು ನಮ್ಮ ಹೋಲಿಕೆಯ ಬಿಂದು.

ಎರಡನೆಯ ಜಾಗ, ಕಾಲುಸಂಕದ ಕೆಳಗೆ: ನೀರಿನ ಮೇಲೆ ಬಣ್ಣಬಣ್ಣದ ಪೊರೆ, ತಳದಲ್ಲಿ ತುಕ್ಕಿನ ಬಣ್ಣದ ಲೋಳೆ. "ಜೀಪು ತೊಳೆದ ಎಣ್ಣೆ ಮಿಸ್" ಎಂದು ಗುಂಪಿನವರು ಆಗಲೇ ತೀರ್ಪು ಕೊಟ್ಟಿದ್ದರು. ಕಡ್ಡಿಯಿಂದ ಚುಚ್ಚಿಸಿದೆ. ಪೊರೆ ಚೂರಾಗಿ ಹಾಗೆಯೇ ನಿಂತಿತು. ನಾಲ್ಕು ಸಲ ಚುಚ್ಚಿ ನೋಡಿ, ಪಟ್ಟಿಯಲ್ಲಿ ಬರೆದಿದ್ದ 'ಎಣ್ಣೆ'ಯನ್ನು ಹೊಡೆದುಹಾಕಿದರು.

ಮೂರನೆಯ ಜಾಗ, ಗದ್ದೆ, ಅಡಿಕೆ ತೋಟಗಳ ಕೆಳಗೆ, ಪಲ್ಪಿಂಗ್ ಘಟಕಕ್ಕಿಂತ ಮೇಲೆ: ಕಪ್ಪು ಕೆಸರು, ಎಲೆಯ ಚೂರುಗಳು, ವಾಸನೆ ಇಲ್ಲ. ಇಲ್ಲಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಯಾವ ಕಪ್ಪು ಬಣ್ಣವನ್ನು ನಾನು ಘಟಕದ ಲೆಕ್ಕಕ್ಕೆ ಬರೆದಿದ್ದೆನೋ ಅದು ಘಟಕಕ್ಕಿಂತ ಮೇಲೆಯೇ ಇತ್ತು.

ನಾಲ್ಕನೆಯ ಜಾಗ, ಘಟಕದ ಬೇಲಿ ಮುಗಿಯುವಲ್ಲಿ: ಮೂರನೆಯದರಂತೆಯೇ.

ಐದನೆಯ ಜಾಗ, ರಸ್ತೆಯ ಮೋರಿಯ ಕೆಳಗೆ, ಎಡಗಡೆಯಿಂದ ಒಂದು ಸಣ್ಣ ತೊರೆ ಬಂದು ಸೇರಿದ ಮೇಲೆ: ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ, ಜರಡಿಯಲ್ಲಿ ಒಂದು ಹಿಡಿಯಷ್ಟು ಕಾಫಿ ಹಣ್ಣಿನ ಸಿಪ್ಪೆ. ಪಿಎಚ್ ಕಾಗದದ ಬಣ್ಣದಲ್ಲಿ ಮಾತ್ರ ಐದು ಕಡೆಯೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹರಿಯುವ ನೀರು ಆ ಹೊತ್ತಿನದನ್ನು ಮಾತ್ರ ಹೇಳುತ್ತದೆ ಎಂಬುದು ಅಲ್ಲಿಯೇ ಕಣ್ಣಿಗೆ ಬಿತ್ತು.

ಐದೂ ಕೆಸರನ್ನು ಬಿಳಿ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಪ್ರಯೋಗಾಲಯದ ಕಿಟಕಿಯ ಬಳಿ ಇಟ್ಟೆವು. ಸೋಮವಾರ ನೋಡಿದಾಗ ಮೂರು, ನಾಲ್ಕನೆಯ ತಟ್ಟೆಗಳು ಕಪ್ಪಾಗಿಯೇ ಇದ್ದವು. ಐದನೆಯದು ಕಂದುಬಣ್ಣಕ್ಕೆ ತಿರುಗಿತ್ತು.

ಆ ಎಡಗಡೆಯ ತೊರೆಯ ದಂಡೆಯಲ್ಲಿ ಮಾರ್ಗದರ್ಶಿ ಶಿಕ್ಷಕಿಯವರೂ ನಾನೂ ಆರು ಮಕ್ಕಳೊಂದಿಗೆ ಮೇಲಕ್ಕೆ ನಡೆದೆವು. ಒಂದು ಹಂತದವರೆಗೆ ಸಿಪ್ಪೆಯೂ ವಾಸನೆಯೂ ಇದ್ದವು, ಅದರ ಮೇಲೆ ಎರಡೂ ಇರಲಿಲ್ಲ. ಆ ನಡುವಿನ ಜಾಗದಲ್ಲಿ ದಾರಿಯಿಂದಲೇ ಕಾಣುವಂತೆ ಎರಡು ಸಣ್ಣ ಪಲ್ಪರ್ ಹೊಂಡಗಳೂ ಒಂದು ಅಡುಗೆಮನೆಯ ಬಚ್ಚಲ ಕಾಲುವೆಯೂ ಇದ್ದವು.

ಪಟ್ಟಿ ತುಂಬಿಸುವುದು

ಪಟ್ಟಿಯಲ್ಲಿ ಮೂರು ಕಾಲಂ: 'ನೋಡಿದ್ದು', 'ಇದರಿಂದ ಹೇಳಬಹುದಾದದ್ದು', 'ಹೇಳಲಾಗದ್ದು'. ಪಾಠದ ನಿಜವಾದ ಚರ್ಚೆ ನಡೆದದ್ದು ಮೂರನೆಯ ಕಾಲಂ ತುಂಬುವಾಗ. ಮಕ್ಕಳು ಒಪ್ಪಿ ಬರೆದದ್ದು ಇಷ್ಟು. ಹಳ್ಳದ ಕಪ್ಪಿನಲ್ಲಿ ಒಂದು ಭಾಗ ಎಲೆಕೊಳೆ. ಮೋರಿಯ ಕೆಳಗಿನ ಕೊಳೆತದ್ದರಲ್ಲಿ ಕಾಫಿಯ ಪಾಲಿದೆ, ಏಕೆಂದರೆ ಸಿಪ್ಪೆ ಸಿಕ್ಕಿತು. ಅದು ಎಡಗಡೆಯ ತೊರೆಯಿಂದ ಬಂದದ್ದು. ಎರಡು ಹೊಂಡಗಳಲ್ಲಿ ಯಾವುದು ಎಂದು ಹೇಳಲಾಗದು. ಬಚ್ಚಲ ನೀರು ಸೇರಿಲ್ಲ ಎಂದೂ ಹೇಳಲಾಗದು.

ಹಲಗೆಯ ಮೇಲಿನ ಹಳೆಯ ವಾಕ್ಯವನ್ನು ನಾನೇ ಒರೆಸಿ, "ಹೋದ ವಾರ ನಾನು ಬರೆದದ್ದು ತಪ್ಪು. ದೊಡ್ಡ ಘಟಕದ ಮೇಲೂ ಕೆಳಗೂ ಹೂಳು ಒಂದೇ ಥರ ಇದೆ" ಎಂದೆ. ಆಗ ಕೊನೆಯ ಸಾಲಿನಿಂದ ಆ ಹುಡುಗಿ ಕೈಯೆತ್ತಿದಳು. "ಮಿಸ್, ನಾಲ್ಕನೇ ಜಾಗ ಬೇಲಿ ಹತ್ರ ಇದೆ. ಅಪ್ಪನ ಕಡೆ ಹೊಂಡ ಇನ್ನೂ ಕೆಳಗಡೆ. ಹೊಂಡ ಸೋರಿದ್ರೆ ಅಲ್ಲಿ ಗೊತ್ತಾಗಲ್ಲ. ಹೊಂಡದ ಕೆಳಗೆ ಒಂದು ಬಾಟ್ಲಿ ತಗೊಬೇಕಿತ್ತು" ಎಂದಳು. ನಕ್ಷೆ ಬಿಡಿಸಿ ನೋಡಿದರೆ ಅವಳು ಹೇಳಿದ್ದು ಸರಿ. ಮಾರನೆಯ ದಿನ ಹೊಂಡಕ್ಕೂ ಮೋರಿಗೂ ನಡುವೆ ಆರನೆಯ ಜಾಗವನ್ನು ಗುರುತಿಸಿ ಹೂಳು ತಂದೆವು. ಅದೂ ವಾಸನೆಯಿಲ್ಲದ ಎಲೆಕೊಳೆಯೇ, ಒಣಗಿದ ಮೇಲೂ ಕಪ್ಪೇ. ಆದರೆ ಆ ಬಾಟಲಿಯ ಚೀಟಿಯ ಮೇಲೆ ಹೆಸರು ಬರೆದದ್ದು ಅವಳು, ಪಟ್ಟಿಗೆ ಸೇರಿಸಿದವಳೂ ಅವಳೇ.

ವಿಸ್ತರಣೆ: ಹಳ್ಳದಿಂದ ಕಡಲಿಗೆ

ನನ್ನೂರು ಆಲೂರಿನ ಕಡೆ. ಅಲ್ಲಿಯ ಹಳ್ಳಗಳು ಹೇಮಾವತಿಗೆ ಸೇರಿ, ಗೊರೂರಿನ ಜಲಾಶಯ ದಾಟಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಈ ಶಾಲೆಯ ಹಳ್ಳ ಕೆಂಪುಹೊಳೆಯ ಕಡೆಗೆ ಇಳಿಯುತ್ತದೆ. ಆ ನೀರು ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕೊನೆಗೆ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲಿಗೆ ಹೋಗುವುದನ್ನು ಮಕ್ಕಳು ನಕ್ಷೆಯಲ್ಲಿ ಎರಡು ಬಣ್ಣದಿಂದ ಗುರುತಿಸಿದರು. ಬಿಸಿಲೆ ಘಾಟಿಯ ಬಳಿಯ ಮಂಕನಹಳ್ಳಿಯ ದಿಣ್ಣೆಯನ್ನು ನೋಡಿದ್ದ ಇಬ್ಬರು ಅದನ್ನು ವಿವರಿಸಿದರು.

ನಂತರ ಒಂದು ಸಮಸ್ಯೆ ಕೊಟ್ಟೆ. ನೇತ್ರಾವತಿಯ ಅಳಿವೆಯ ಹೂಳಿನಲ್ಲಿ ತಾಮ್ರ ಹೆಚ್ಚಿದೆ ಎಂದುಕೊಳ್ಳಿ. ಯಾರದ್ದು? ಮೊದಲ ಉತ್ತರ "ಫ್ಯಾಕ್ಟರಿ" ಎಂದೇ ಬಂತು. ಮಂಗಳೂರಿನ ಪಣಂಬೂರು, ಬೈಕಂಪಾಡಿಯ ಕಡೆ ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಸಂಸ್ಕರಣಾಗಾರ, ಕಬ್ಬಿಣದ ಉಂಡೆ ಕಾರ್ಖಾನೆ ಎಲ್ಲ ಇವೆ. "ತಾಮ್ರ ನಿಮ್ಮ ಮನೆಯಲ್ಲಿ ಎಲ್ಲಿದೆ?" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹೇಳಿದ, "ಮೈಲುತುತ್ತ ಮಿಸ್!" ಹೌದು, ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿದರೆ ಶೇ. 1ರ ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆತುಕ್ಕಿಗೂ ಮಲೆನಾಡಿನಲ್ಲಿ ತಲೆಮಾರುಗಳಿಂದ ಸಿಂಪಡಿಸುತ್ತಿರುವುದು ಇದನ್ನೇ. ತಾಮ್ರ ಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಂಡು ಮಳೆಯಲ್ಲಿ ಇಳಿದುಹೋಗಬಲ್ಲದು. ಹಡಗು, ದೋಣಿಗಳ ತಳಕ್ಕೆ ಬಳಿಯುವ ಬಣ್ಣದಲ್ಲೂ ತಾಮ್ರ ಇರುತ್ತದೆ. ಒಂದು ಲೋಹಕ್ಕೆ ಕನಿಷ್ಠ ಮೂರು ಬಾಗಿಲು.

ಹಾಗಾದರೆ ಹೇಗೆ ಬೇರ್ಪಡಿಸುವುದು? ಮಕ್ಕಳು ಹಳ್ಳದಲ್ಲಿ ಮಾಡಿದ್ದನ್ನೇ ವಿಜ್ಞಾನಿಗಳು ದೊಡ್ಡದಾಗಿ ಮಾಡುತ್ತಾರೆ. ನದಿಯುದ್ದಕ್ಕೂ ಹೂಳು ತೆಗೆದು ಪ್ರಮಾಣ ಎಲ್ಲಿ ಏರುತ್ತದೆ ಎಂದು ನೋಡುತ್ತಾರೆ. ಮಣ್ಣಿನಲ್ಲಿ ಸಹಜವಾಗಿಯೇ ಇರುವ ಅಲ್ಯೂಮಿನಿಯಂಗೆ ಹೋಲಿಸಿ, ಸಹಜಕ್ಕಿಂತ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ಜೊತೆಗಿರುವ ಗುರುತುಗಳನ್ನು ಹುಡುಕುತ್ತಾರೆ. ಕಚ್ಚಾ ತೈಲದ ಜೊತೆ ವೆನೇಡಿಯಂ, ನಿಕ್ಕಲ್ ಬರುತ್ತವೆ. ಮಲದ ಜೊತೆ ಕೊಪ್ರೊಸ್ಟನಾಲ್ ಎಂಬ ಕೊಬ್ಬಿನಂಥ ವಸ್ತು ಬರುತ್ತದೆ. ನಮ್ಮ ಜರಡಿಯಲ್ಲಿ ಸಿಕ್ಕ ಸಿಪ್ಪೆಯ ಹಾಗೆ. ಕೊಳವೆ ಇಳಿಸಿ ಹೂಳಿನ ಕಂಬ ತೆಗೆದರೆ ಪದರಗಳಿಗೆ ವಯಸ್ಸನ್ನೂ ಹೇಳಬಹುದು. ಸುಮಾರು 22 ವರ್ಷ ಅರ್ಧಾಯುಷ್ಯದ ಸೀಸ-210 ಅದಕ್ಕೆ ಗಡಿಯಾರ. ಕಾರ್ಖಾನೆ ಬರುವ ಮೊದಲಿನ ಪದರದಲ್ಲೂ ತಾಮ್ರ ಹೆಚ್ಚಿದ್ದರೆ, ಆ ತಾಮ್ರ ಕಾರ್ಖಾನೆಯದಲ್ಲ.

ಇದರಿಂದ ಕಾರ್ಖಾನೆಗಳು ನಿರ್ದೋಷಿಗಳು ಎಂಬ ಭಾವನೆ ಬರಬಾರದೆಂದು ಮಿನಮಾಟದ ಉದಾಹರಣೆ ಹೇಳಿದೆ. ಜಪಾನಿನ ಆ ಊರಿನಲ್ಲಿ 1956ರಲ್ಲಿ ವಿಚಿತ್ರ ನರರೋಗ ಅಧಿಕೃತವಾಗಿ ವರದಿಯಾಯಿತು. ಕೊಲ್ಲಿಯ ಹೂಳು ಪರೀಕ್ಷಿಸಿದಾಗ ಚಿಸ್ಸೋ ಕಾರ್ಖಾನೆಯ ಕಾಲುವೆಯ ಬಾಯಲ್ಲಿ ಪಾದರಸ ಅತಿ ಹೆಚ್ಚು, ದೂರ ಹೋದಂತೆ ಕಡಿಮೆ. 1958ರಲ್ಲಿ ಕಾರ್ಖಾನೆ ತನ್ನ ಕಾಲುವೆಯನ್ನು ನದಿಯ ಬಾಯಿಯ ಕಡೆಗೆ ತಿರುಗಿಸಿದ ಮೇಲೆ ಆ ಕಡೆಯ ಜನರಲ್ಲೂ ರೋಗ ಕಾಣಿಸಿಕೊಂಡಿತು. ಆದರೂ ಸರ್ಕಾರ ಕಾರಣವನ್ನು ಒಪ್ಪಿದ್ದು 1968ರಲ್ಲಿ. ಆಧಾರವಿಲ್ಲದೆ ಬೆರಳು ತೋರಿಸುವುದು ಎಷ್ಟು ತಪ್ಪೋ, ಆಧಾರವಿದ್ದೂ ಸುಮ್ಮನಿರುವುದು ಅಷ್ಟೇ ತಪ್ಪು ಎಂದು ಮಕ್ಕಳೇ ಹೇಳಿದರು.

ಮೌಲ್ಯಮಾಪನ

1. ಹಳ್ಳದ ನೀರು ತಿಳಿಯಾಗಿದ್ದರೂ ಹೂಳನ್ನು ಪರೀಕ್ಷಿಸುವುದು ಏಕೆ?
2. ಒಂದನೆಯ ಜಾಗದ ಹೂಳನ್ನು ತೆಗೆಯದಿದ್ದರೆ ನಮ್ಮ ತೀರ್ಮಾನದಲ್ಲಿ ಏನು ಕೊರತೆಯಾಗುತ್ತಿತ್ತು?
3. ನಿಮ್ಮ ಮನೆಯ ಹತ್ತಿರದ ಕೆರೆಯಲ್ಲಿ ಬಣ್ಣದ ಪೊರೆ ಕಂಡರೆ ಮೊದಲು ಏನು ಮಾಡುವಿರಿ?
4. ಎಡಗಡೆಯ ತೊರೆಯ ಎರಡು ಹೊಂಡಗಳಲ್ಲಿ ಯಾವುದು ಮೂಲ ಎಂದು ತಿಳಿಯಲು ಇನ್ನು ಎಲ್ಲೆಲ್ಲಿ ಹೂಳು ತೆಗೆಯಬೇಕು? ನಕ್ಷೆಯಲ್ಲಿ ಗುರುತಿಸಿ.

ನಾಲ್ಕನೆಯ ಪ್ರಶ್ನೆಗೆ 31 ಮಕ್ಕಳಲ್ಲಿ 22 ಮಕ್ಕಳು ಎರಡೂ ಹೊಂಡಗಳ ಮೇಲೂ ಕೆಳಗೂ ಗುರುತು ಹಾಕಿದ್ದರು. ಉಳಿದವರು ಕೆಳಗೆ ಮಾತ್ರ ಹಾಕಿದ್ದರು. ಅವರಿಗೆ ಪರಿಹಾರ ಬೋಧನೆಯಾಗಿ ಮಧ್ಯಾಹ್ನದ ಬಿಡುವಿನಲ್ಲಿ ಪಟ್ಟಿಯ ಮೂರು, ನಾಲ್ಕನೆಯ ಸಾಲುಗಳನ್ನು ಮತ್ತೆ ಓದಿಸಿದೆ.

ಪಾಠದ ನಂತರ

ಮುಖ್ಯ ಶಿಕ್ಷಕರು ಪಟ್ಟಿಯ ಒಂದು ಪ್ರತಿಯನ್ನು, ಯಾರ ಹೆಸರನ್ನೂ ಬರೆಯದೆ, ಗ್ರಾಮ ಪಂಚಾಯಿತಿಗೆ ಕೊಟ್ಟು ಎಡಗಡೆಯ ತೊರೆಯನ್ನು ಪರೀಕ್ಷಿಸುವಂತೆ ಕೇಳಿದರು. ನನ್ನ ಅಭ್ಯಾಸ ಬೋಧನೆಯ ಅವಧಿ ಅಷ್ಟರಲ್ಲಿ ಮುಗಿದಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಎರಡು. ಸ್ಥಳೀಯ ಉದಾಹರಣೆ ಕೊಡುವಾಗ ಆ ಉದಾಹರಣೆಯ ಮನೆಯವರು ತರಗತಿಯಲ್ಲೇ ಕೂತಿರುತ್ತಾರೆ ಎಂಬುದನ್ನು ನೆನಪಿಡಿ. ಮತ್ತು ಪಾಠ ಯೋಜನೆಯ 'ನಿರೀಕ್ಷಿತ ಉತ್ತರ'ದ ಪಕ್ಕದಲ್ಲಿ 'ಆಧಾರ' ಎಂಬ ಇನ್ನೊಂದು ಕಾಲಂ ಎಳೆದುಕೊಳ್ಳಿ. ಅದು ಖಾಲಿಯಾಗಿದ್ದರೆ ಆ ಉತ್ತರವನ್ನು ಹಲಗೆಗೆ ಏರಿಸಬೇಡಿ. ಕೊನೆಯ ದಿನ ನಾನು ತರಗತಿಗೆ ಹೋದಾಗ ಆ ಹುಡುಗಿ ಮೂರನೆಯ ಸಾಲಿಗೆ ವಾಪಸು ಬಂದಿದ್ದಳು. ಪ್ರಯೋಗಾಲಯದ ಕಿಟಕಿಯ ಆರು ತಟ್ಟೆಗಳನ್ನು ತೊಳೆಯಬೇಕೇ ಎಂದು ಕೇಳಿದಳು. ಬೇಡ, ಮುಂದಿನ ಮಳೆಗಾಲ ಮುಗಿದ ಮೇಲೆ ಹೊಸ ಹೂಳು ತಂದು ಪಕ್ಕದಲ್ಲಿಟ್ಟು ಹೋಲಿಸಿ ಎಂದು ಹೇಳಿ ಬಂದೆ.